ಮುದಿ ನಾಯಿ ತೂರಾಡಿ ಬಿದ್ದಾಗ: ದೊಡ್ಡಮ್ಮನ ಕಿವಿಮಾತು

ಪುಟ್ಟಿ,

ಫೋನಿನಲ್ಲಿ ಅಳುತ್ತಲೇ ಇದ್ದೆ. ನಾನು ಹೇಳಿದ್ದರಲ್ಲಿ ಅರ್ಧವೂ ನಿನ್ನ ಕಿವಿಗೆ ಬಿದ್ದಿರಲಿಕ್ಕಿಲ್ಲ, ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಟೈಗರ್‌ಗೆ 13 ವರ್ಷ. ರಾತ್ರಿ ಚೆನ್ನಾಗಿ ಉಂಡು ಮಲಗಿದವನು ಬೆಳಿಗ್ಗೆ ಏಳಲು ಹೋಗಿ ಒಂದೇ ಪಕ್ಕಕ್ಕೆ ಉರುಳುತ್ತಿದ್ದಾನೆ, ಕತ್ತು ಓರೆಯಾಗಿದೆ, ಕಣ್ಣುಗುಡ್ಡೆ ನಿಂತಲ್ಲಿ ನಿಲ್ಲುತ್ತಿಲ್ಲ, ವಾಂತಿಯೂ ಆಗಿದೆ. ಪಕ್ಕದ ಮನೆಯವರು ಬಂದು ನೋಡಿ, "ಲಕ್ವ ಹೊಡೆದಿದೆ, ಸುಮ್ಮನೆ ನರಳಿಸಬೇಡಿ, ಇಂಜೆಕ್ಷನ್ ಕೊಡಿಸಿಬಿಡಿ" ಅಂದರಂತೆ. ನಾನು ಹುಟ್ಟಿದ ಮನೆಯಲ್ಲೂ ನಾಯಿ ಇತ್ತು, ಸೇರಿದ ಮನೆಯಲ್ಲೂ ಇತ್ತು. ಮುದಿ ನಾಯಿಗಳು ಹೀಗೆ ಬಿದ್ದಿದ್ದನ್ನೂ ಕಂಡಿದ್ದೇನೆ, ಎದ್ದು ಅಂಗಳ ಸುತ್ತಿದ್ದನ್ನೂ ಕಂಡಿದ್ದೇನೆ. ಇದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸು, ಅಳಿಯಂದಿರೂ ಓದಲಿ.

• ಮೂರು ದಿನ ಸಾವಿನ ಮಾತು ಎತ್ತಬೇಡ. ಮಿಕ್ಕಿದ್ದರಲ್ಲಿ ಏನು ಹೆಚ್ಚುಕಡಿಮೆಯಾದರೂ ತಿದ್ದಿಕೊಳ್ಳಬಹುದು, ಇದನ್ನು ತಿದ್ದಲಿಕ್ಕಾಗುವುದಿಲ್ಲ. ವಯಸ್ಸಾದ ನಾಯಿ ಹೀಗೆ ಇದ್ದಕ್ಕಿದ್ದಂತೆ ತೂರಾಡಿ ಬಿದ್ದರೆ ಅದು ಬಹಳ ಸಲ ಲಕ್ವವಲ್ಲ, ಒಳಕಿವಿಯ ತೊಂದರೆ. ಡಾಕ್ಟರುಗಳು ವೆಸ್ಟಿಬ್ಯುಲರ್ ಕಾಯಿಲೆ ಅನ್ನುತ್ತಾರೆ. ಎರಡೂ ಕಡೆಯ ಒಳಕಿವಿಯಲ್ಲಿ ದ್ರವ ತುಂಬಿದ ಸಣ್ಣ ಕೊಳವೆಗಳಿರುತ್ತವೆ. ತಲೆ ಎತ್ತ ತಿರುಗಿತು, ಎಷ್ಟು ವಾಲಿತು ಅನ್ನುವ ಸುದ್ದಿಯನ್ನು ಅವು ಮಿದುಳಿಗೆ ಮುಟ್ಟಿಸುತ್ತಲೇ ಇರುತ್ತವೆ. ಒಂದು ಕಡೆಯ ಸುದ್ದಿ ನಿಂತುಹೋದರೆ, ನಿಂತ ಜಾಗದಲ್ಲೇ ಗಿರಗಿರ ತಿರುಗುತ್ತಿದ್ದೇನೆ ಅಂತ ಮಿದುಳು ತಿಳಿಯುತ್ತದೆ. ನನಗೆ ತಲೆಸುತ್ತು ಬಂದಾಗ ಮಂಚದ ಕಾಲು ಹಿಡಿದುಕೊಂಡು ಕಣ್ಣು ಮುಚ್ಚಿ ಕೂತಿರುತ್ತಿದ್ದೆನಲ್ಲ, ನಿನ್ನಮ್ಮನನ್ನು ಕೇಳು. ಅವನಿಗೂ ಈಗ ಅದೇ ಸ್ಥಿತಿ. ನನಗೆ ಬಾಯಿತ್ತು, ಹೇಳಿಕೊಂಡೆ. ಮುದಿ ನಾಯಿಗಳಲ್ಲಿ ಹಲವು ಸಲ ಇದಕ್ಕೆ ಕಾರಣವೇ ಸಿಗುವುದಿಲ್ಲ. ಮೊದಲ ಒಂದೆರಡು ದಿನ ತೀರಾ ಕೆಟ್ಟದಾಗಿ ಕಾಣುತ್ತದೆ, ಸಾಮಾನ್ಯವಾಗಿ 72 ಗಂಟೆಯೊಳಗೆ ಇಳಿಮುಖವಾಗುತ್ತದೆ, ಎರಡು ಮೂರು ವಾರದಲ್ಲಿ ನಾಯಿ ತನ್ನ ಪಾಡಿಗೆ ಓಡಾಡುತ್ತದೆ.

• ಹಾಗಂತ ಮನೆಯಲ್ಲೇ ಕೂರಬೇಡ. ಅದೇ ದಿನ ಡಾಕ್ಟರಿಗೆ ತೋರಿಸು. ನಾನು ಹೇಳಿದ್ದು ಇರಬಹುದಾದ ಮಾತು. ಇದೇ ಅಂತ ಹೇಳಬೇಕಾದವರು ಕಿವಿಯೊಳಗೆ ದೀಪ ಬಿಟ್ಟು, ಕಾಲು ಮುಟ್ಟಿ ನೋಡುವವರು. ನಮ್ಮೂರಲ್ಲಿ ದನದ ಡಾಕ್ಟರೇ ನಾಯಿಗೂ ಡಾಕ್ಟರು, ಹೆಚ್ಚಿನದು ಬೇಕೆಂದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಓಡಬೇಕು. ನಿನಗೆ ಬೆಂಗಳೂರಿನಲ್ಲಿ ಗಲ್ಲಿಗೊಂದು ಕ್ಲಿನಿಕ್ ಇದೆ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ.

• ಹೊರಡುವ ಮೊದಲು ಮೊಬೈಲಿನಲ್ಲಿ ವಿಡಿಯೋ ಮಾಡಿಕೊ. ಕಣ್ಣು ಹತ್ತಿರದಿಂದ ಕಾಣಬೇಕು, ಅವನು ನಿಲ್ಲಲು, ನಡೆಯಲು ಹೋಗುವುದೂ ಇರಬೇಕು. ಆಸ್ಪತ್ರೆಯ ಮೇಜಿನ ಮೇಲೆ ಹೆದರಿ ಮುದುಡಿ ಮಲಗಿದರೆ ಡಾಕ್ಟರಿಗೆ ಏನು ಗೊತ್ತಾಗಬೇಕು?

• ಕಣ್ಣುಗುಡ್ಡೆ ಎತ್ತ ಓಡುತ್ತಿದೆ ನೋಡಿಕೊ. ಎಡಕ್ಕೂ ಬಲಕ್ಕೂ ಸರಕ್ ಸರಕ್ ಅಂತ ಓಡುತ್ತಿದ್ದರೆ, ಇಲ್ಲವೇ ಗುಂಡಗೆ ತಿರುಗುತ್ತಿದ್ದರೆ, ಒಳಕಿವಿಯದಿರುವ ಸಂಭವ ಹೆಚ್ಚು. ಮೇಲಕ್ಕೂ ಕೆಳಕ್ಕೂ ಓಡುತ್ತಿದ್ದರೆ ತೊಂದರೆ ಮಿದುಳಿನಲ್ಲೇ ಇರಬಹುದು, ತಡ ಮಾಡಬೇಡ. ಇನ್ನೊಂದು ಪರೀಕ್ಷೆ ನೀನೇ ಮಾಡಬಹುದು. ಅಳಿಯಂದಿರು ಅವನ ಹೊಟ್ಟೆಯಡಿ ಆಸರೆ ಕೊಟ್ಟು ನಿಲ್ಲಿಸಲಿ, ನೀನು ಒಂದೊಂದೇ ಪಾದವನ್ನು ಮಡಚಿ, ಬೆರಳಿನ ಮೇಲ್ಭಾಗ ನೆಲಕ್ಕೆ ತಾಗುವ ಹಾಗೆ ಇಡು. ಒಳಕಿವಿಯದಷ್ಟೇ ತೊಂದರೆಯಾದರೆ ಅವನು ಪಾದವನ್ನು ತಟ್ಟನೆ ಸರಿಮಾಡಿಕೊಳ್ಳುತ್ತಾನೆ. ಮಡಚಿದಲ್ಲೇ ಬಿಟ್ಟರೆ ಅದನ್ನು ಡಾಕ್ಟರಿಗೆ ಮರೆಯದೆ ಹೇಳು.

• ಬೆಳಗಾಗಲಿ ಅಂತ ಕಾಯಬಾರದ ಲಕ್ಷಣಗಳು ಬೇರೆ ಇವೆ. ಫಿಟ್ಸ್ ಬರುವುದು, ಕರೆದರೆ ಕಣ್ಣೂ ಹೊರಳಿಸದಷ್ಟು ಮಂಕು, ಒಂದು ಕಡೆಯ ಕಾಲುಗಳಲ್ಲಿ ಬಲವೇ ಇಲ್ಲದಿರುವುದು, ವಸಡು ಬೆಳ್ಳಗೆ ಬಿಳಿಚಿಕೊಂಡಿರುವುದು, ಹೊಟ್ಟೆ ಉಬ್ಬರಿಸಿ ಬರೀ ಓಕರಿಕೆ ಬರುವುದು, ಉಸಿರಿಗೆ ಒದ್ದಾಟ. ಮೈ ಬಿಸಿ ಅನ್ನಿಸಿದರೆ ಡಿಜಿಟಲ್ ಥರ್ಮಾಮೀಟರ್ ಗುದದಲ್ಲಿಟ್ಟು ನೋಡು. ನಾಯಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ, ನಮ್ಮ ಲೆಕ್ಕ ಹಿಡಿದು ಜ್ವರ ಅಂತ ಗಾಬರಿ ಬೀಳಬೇಡ.

• ನಮ್ಮ ಕಡೆ ನಾಯಿ ತೂರಾಡಿದರೆ ಮೊದಲು ನೆನಪಾಗುವುದು ಹಾವು, ಆಮೇಲೆ ತೋಟದ ಔಷಧಿ. ಬಸವನಹುಳಕ್ಕೆ ಹಾಕುವ ಮೆಟಾಲ್ಡಿಹೈಡ್ ಹರಳು ತಿಂದರೆ ಮೈಯೆಲ್ಲ ಅದುರುತ್ತದೆ. ಕೀಟನಾಶಕ ನೆಕ್ಕಿದರೆ ಜೊಲ್ಲು ಧಾರೆ ಧಾರೆಯಾಗಿ ಸುರಿಯುತ್ತದೆ. ನಾಗರಹಾವು ಕಚ್ಚಿದ ನಾಯಿಯ ರೆಪ್ಪೆ ಜೋತುಬಿದ್ದು ಕಾಲು ಸೋಲುತ್ತದೆ. ಒಳಕಿವಿಯ ತೊಂದರೆಯಲ್ಲಿ ಕಾಲಿನ ಬಲ ಎಲ್ಲೂ ಹೋಗಿರುವುದಿಲ್ಲ, ದಿಕ್ಕು ಮಾತ್ರ ತಪ್ಪಿರುತ್ತದೆ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಹಾವಿಲ್ಲದಿರಬಹುದು, ಆದರೆ ಕೆಳಗಿನ ಹೂದೋಟಕ್ಕೆ ಆ ವಾರ ಏನಾದರೂ ಹೊಡೆದಿದ್ದಾರಾ ಅಂತ ಮಾಲಿಯನ್ನು ಕೇಳು.

• ರೇಬಿಸ್ ಚುಚ್ಚುಮದ್ದು ವರ್ಷವರ್ಷ ಹಾಕಿಸಿದ್ದೀಯ, ನಿನಗೆ ಆ ಭಯ ಬೇಡ. ಈ ಕಾಗದವನ್ನು ಇನ್ಯಾರಿಗಾದರೂ ಕಳಿಸುವುದಾದರೆ ಇಷ್ಟು ಸೇರಿಸು: ಚುಚ್ಚುಮದ್ದು ತಪ್ಪಿದ ನಾಯಿ ತೂರಾಡುತ್ತಿದ್ದು, ದವಡೆ ಜೋತುಬಿದ್ದು, ನುಂಗಲಾರದೆ ಜೊಲ್ಲು ಸುರಿಸುತ್ತಿದ್ದರೆ, ಗಂಟಲಲ್ಲಿ ಮೂಳೆ ಸಿಕ್ಕಿದೆ ಅಂತ ಬಾಯಿಗೆ ಕೈ ಹಾಕಬಾರದು. ಹಾಕಿಬಿಟ್ಟಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು.

• ಡಾಕ್ಟರಿಗೆ ಮುಚ್ಚಿಡದೆ ಹೇಳಬೇಕಾದದ್ದು: ಕಳೆದ ಒಂದು ತಿಂಗಳಲ್ಲಿ ಕೊಟ್ಟ ಔಷಧಿಯೆಲ್ಲ. ಭೇದಿಗೆ ಕೊಡುವ ಮೆಟ್ರೋನಿಡಜೋಲ್ ಹೆಚ್ಚು ಪ್ರಮಾಣದಲ್ಲೋ ಹೆಚ್ಚು ದಿನವೋ ಹೋದರೆ ನಾಯಿ ಥೇಟ್ ಹೀಗೇ ತೂರಾಡುತ್ತದೆ, ನಿಲ್ಲಿಸಿದರೆ ಸುಧಾರಿಸುತ್ತದೆ. ಕಿವಿತಮಟೆ ತೂತಾಗಿದ್ದಾಗ ಹಾಕಿದ ಕೆಲವು ಡ್ರಾಪ್ಸ್ ಒಳಗಿಳಿದು ಒಳಕಿವಿಯನ್ನೇ ಕೆಡಿಸುತ್ತವೆ. ಉಣ್ಣೆಗೆ ಹಾಕಿದ ಔಷಧಿ, ಹುಳದ ಮಾತ್ರೆ, ಅಂಗಡಿಯವನು ಕೊಟ್ಟ ಇಂಜೆಕ್ಷನ್, ಯಾವುದನ್ನೂ ಬಿಡಬೇಡ. ಡಾಕ್ಟರು ಬೈದರೆ ಬೈಸಿಕೊ.

• ಟೈಗರ್‌ನಂಥ ಲ್ಯಾಬ್ರಡಾರ್‌ಗಳದು ಜೋಲುಕಿವಿ, ಗಾಳಿಯಾಡುವುದಿಲ್ಲ. ಸ್ನಾನ ಮಾಡಿಸಿದ ನೀರೂ ಮಳೆಯ ಪಸೆಯೂ ಒಳಗೇ ಉಳಿದು ಕೀವಾಗುತ್ತದೆ. ಹೊರಗಿವಿಯ ಸೋಂಕು ನಡುಗಿವಿಗೆ, ಅಲ್ಲಿಂದ ಒಳಕಿವಿಗೆ ಇಳಿಯಬಹುದು. ಈಚೆಗೆ ಅವನು ತಲೆ ಕೊಡವುತ್ತಿದ್ದನೇ, ಕಿವಿ ಮೂಸಿದರೆ ನಾತ ಇತ್ತೇ, ಕಂದು ಬಣ್ಣದ ಗಸಿ ಬರುತ್ತಿತ್ತೇ? ಕತ್ತು ವಾಲಿದ ಕಡೆಯ ಕಣ್ಣು ಮಿಟುಕಿಸುವುದಿಲ್ಲ, ತುಟಿ ಜೋತಿದೆ ಅನ್ನಿಸಿದರೂ ಹೇಳು. ಕಿವಿಯ ಸೋಂಕಾದರೆ ಆ್ಯಂಟಿಬಯಾಟಿಕ್ ವಾರಗಟ್ಟಲೆ ಹೋಗಬೇಕಾಗುತ್ತದೆ, ನಾಯಿ ಗೆಲುವಾಯಿತು ಅಂತ ನಡುವೆ ನಿಲ್ಲಿಸಬೇಡ. ಎಣ್ಣೆ ಬಿಸಿಮಾಡಿ ಬೆಳ್ಳುಳ್ಳಿ ಹಾಕಿ ಕಿವಿಗೆ ಬಿಡು ಅಂತ ನಿನ್ನತ್ತೆ ಹೇಳಬಹುದು. ಹ್ಞೂಂ ಅನ್ನು, ಬಿಡಬೇಡ.

• ರಕ್ತ ಪರೀಕ್ಷೆ ಮಾಡಿಸು. ಎರಡು ಕಾರಣಕ್ಕೆ. ಒಂದು, ಉಣ್ಣೆಯಿಂದ ಬರುವ ಜ್ವರ. ಟಿಕ್ ಫೀವರ್ ಅಂದರೆ ಜ್ವರ ಬಂದು ಊಟ ಬಿಡುವುದು, ಮೂಗಿನಲ್ಲಿ ರಕ್ತ ಬರುವುದು ಅಂತಲೇ ಜನ ತಿಳಿದಿದ್ದಾರೆ. ಎರ್ಲಿಕಿಯ ಅನ್ನುವ ರೋಗಾಣು ನರಕ್ಕೂ ಮಿದುಳಿಗೂ ಕೈಹಾಕಬಲ್ಲದು. ಪ್ಲೇಟ್‌ಲೆಟ್ ಎಷ್ಟಿದೆ ಅಂತ ಕೇಳು. ಅದೇ ಅಂತಾದರೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಸಾಮಾನ್ಯವಾಗಿ 28 ದಿನ ಕೊಡುತ್ತಾರೆ. ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿಯಾಗುತ್ತದೆ, ಊಟದ ಜೊತೆ ಕೊಡು. ಇನ್ನೊಂದು, ಥೈರಾಯ್ಡ್. ತಿನ್ನುವುದು ಅಷ್ಟೇ ಇದ್ದರೂ ದಪ್ಪಗಾಗುತ್ತಿದ್ದಾನೆ, ಬಾಲದ ಕೂದಲು ಉದುರಿದೆ, ಮಲಗಿದ್ದಲ್ಲೇ ಇರುತ್ತಾನೆ ಅಂತ ನೀನು ಹೋದ ವರ್ಷವೇ ಹೇಳಿದ್ದೆ. ಥೈರಾಯ್ಡ್ ಕಡಿಮೆಯಾದ ನಾಯಿಗೂ ಹೀಗಾಗುವುದುಂಟು, ಮಾತ್ರೆಗೆ ಬಗ್ಗುತ್ತದೆ. ನಿನ್ನ ಥೈರಾಯ್ಡ್ ಡಬ್ಬಿಯಿಂದ ಒಂದು ಕೊಡಲಾ ಅಂತ ಕೇಳಬೇಡ. ತೂಕದ ಲೆಕ್ಕದಲ್ಲಿ ನಾಯಿಯ ಪ್ರಮಾಣ ನಮ್ಮದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಅದನ್ನು ಡಾಕ್ಟರೇ ಬರೆಯಬೇಕು.

• ಡಾಕ್ಟರು ಒಂದು ವಾಂತಿ ಇಂಜೆಕ್ಷನ್ ಕೊಟ್ಟು, ಬೇಕಾದರೆ ಡ್ರಿಪ್ ಹಾಕಿ, ಮನೆಗೆ ಕರೆದುಕೊಂಡು ಹೋಗಿ ಅಂದರೆ ಬೇಸರ ಮಾಡಿಕೊಳ್ಳಬೇಡ. ಕಾರಣ ಸಿಗದ ಈ ಬಗೆಗೆ ಬೇರೆ ಔಷಧಿಯಿಲ್ಲ, ಇರುವುದು ಆರೈಕೆ. ಉದ್ದ ಚೀಟಿ ಬರೆದವರೇ ಒಳ್ಳೆಯ ಡಾಕ್ಟರು ಅನ್ನುವುದು ನಮ್ಮವರ ಹಳೇ ಚಾಳಿ.

• ಮನೆಯ ಔಷಧಿ ಡಬ್ಬಿಗೆ ಬೀಗ ಹಾಕು. ತಲೆಸುತ್ತಿಗೆ ಅಂತ ಅಪ್ಪನ ವರ್ಟಿನ್, ಸ್ಟೆಮೆಟಿಲ್ ಕೊಡಬೇಡ. ಬ್ರೂಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿಗೆ ಹೊಡೆತ ಕೊಡುತ್ತವೆ. ಡೋಲೋ, ಕ್ರೋಸಿನ್ ಅಂತ ನೀವು ನುಂಗುವ ಪ್ಯಾರಸಿಟಮಾಲ್ ಕೂಡ ಬೇಡ, ಲಿವರ್ ಹೋಗುತ್ತದೆ.

• ನೆಲ. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಏಕೆಂದರೆ ನಿಮ್ಮ ಮನೆಯ ನೆಲ ನೋಡಿದ್ದೇನೆ. ಆ ವಿಟ್ರಿಫೈಡ್ ಟೈಲ್ಸ್ ಮೇಲೆ ನಾನೇ ಗೋಡೆ ಹಿಡಿದು ನಡೆಯುತ್ತೇನೆ. ತಲೆ ತಿರುಗುತ್ತಿರುವ ನಾಯಿಗೆ ಕಾಲಿಗೆ ಹಿಡಿತ ಸಿಗದಿದ್ದರೆ ಗಾಬರಿ ಇಮ್ಮಡಿಯಾಗುತ್ತದೆ, ಒದ್ದಾಡಿ ಒದ್ದಾಡಿ ಸುಸ್ತಾಗುತ್ತದೆ. ಒಂದು ಕೋಣೆಯನ್ನು ಪೂರ್ತಿ ಅವನಿಗೆ ಬಿಟ್ಟುಕೊಡು. ಯೋಗ ಮ್ಯಾಟುಗಳನ್ನು ಜೋಡಿಸಿ ಹಾಸು, ಅಂಚುಗಳಿಗೆ ಟೇಪ್ ಅಂಟಿಸು. ತೆಂಗಿನ ನಾರಿನ ಚಾಪೆ, ಗೋಣಿತಾಟು ಆದರೂ ಸರಿ, ಆದರೆ ಜಾರಬಾರದು, ಮಡಚಿಕೊಳ್ಳಬಾರದು. ಮೂಲೆ ಚೂಪಾಗಿರುವ ಟೀಪಾಯಿ, ಗಾಜಿನ ಸ್ಟ್ಯಾಂಡ್ ಎಲ್ಲ ಆಚೆ ಹೋಗಲಿ. ಗೋಡೆಯ ಬುಡಕ್ಕೆ ದಿಂಬು ಒತ್ತಿಡು, ಉರುಳಿದಾಗ ತಲೆ ಬಡಿಯುವುದಿಲ್ಲ. ಬಾಲ್ಕನಿಯ ಬಾಗಿಲು, ಮೆಟ್ಟಿಲು ಮುಚ್ಚಿರಲಿ. ಸೋಫಾ ಮೇಲೆ ಹತ್ತಿಸಿ ಮುದ್ದು ಮಾಡುವುದು ಸದ್ಯಕ್ಕೆ ಬೇಡ, ನೀನೇ ಕೆಳಗೆ ಕೂತುಕೊ. ಅವನ ಉಗುರು ಉದ್ದ ಬೆಳೆದಿದ್ದರೆ ಕತ್ತರಿಸು, ಪಾದದಡಿಯ ಕೂದಲನ್ನೂ.

• ರಾತ್ರಿ ಒಂದು ಜೀರೋ ಬಲ್ಬ್ ಉರಿಯಲಿ. ಕಿವಿ ಕೈಕೊಟ್ಟಾಗ ಕಣ್ಣೇ ಆಸರೆ, ಕತ್ತಲಾದರೆ ಅದೂ ಇಲ್ಲ.

• ಎತ್ತಿಕೊಂಡು ಓಡಾಡಬೇಡ. ಕಾಲು ನೆಲ ಬಿಟ್ಟ ಕೂಡಲೇ ಅವನಿಗೆ ಲೋಕ ಇನ್ನಷ್ಟು ತಿರುಗುತ್ತದೆ. ಮೂವತ್ತು ಕಿಲೋ ನಾಯಿ ಎತ್ತಿ ನಿನ್ನ ಸೊಂಟ ಹಿಡಿದುಕೊಂಡರೆ ಅವನಿಗೆ ಗಂಜಿ ಕಾಯಿಸುವವರು ಯಾರು? ಸಾಗಿಸಲೇಬೇಕಾದಾಗ ಹಳೇ ಕಂಬಳಿಯ ಮೇಲೆ ಮಲಗಿಸಿ ಇಬ್ಬರು ನಾಲ್ಕು ಮೂಲೆ ಹಿಡಿಯಿರಿ. ಕಾರಿನಲ್ಲಿ ಒಬ್ಬರು ಹಿಂದೆ ಕೂತು ಅವನ ತಲೆ ಹಿಡಿದುಕೊಳ್ಳಲಿ.

• ಮಲಗುವುದಕ್ಕೆ ಅವನೇ ಒಂದು ಮಗ್ಗುಲನ್ನು ಆರಿಸಿಕೊಳ್ಳುತ್ತಾನೆ, ಸಾಮಾನ್ಯವಾಗಿ ಕತ್ತು ವಾಲಿದ ಕಡೆಯದೇ. ಬಲವಂತವಾಗಿ ಇನ್ನೊಂದು ಮಗ್ಗುಲಿಗೆ ಹೊರಳಿಸಿದರೆ ಕಿರುಚಿ ಉರುಳಾಡುತ್ತಾನೆ. ಅದರ ಬದಲು ಎದೆಯ ಮೇಲೆ ಕೂರಿಸಿ, ಎರಡೂ ಪಕ್ಕಕ್ಕೆ ಕೌದಿ ಸುರುಳಿ ಮಾಡಿ ಒತ್ತುಕೊಡು. ಮೂರು ನಾಲ್ಕು ಗಂಟೆಗೊಮ್ಮೆ ಹೀಗೆ ಬದಲಿಸುತ್ತಿದ್ದರೆ ಮೊಣಕೈ, ಸೊಂಟದ ಮೂಳೆಯ ಜಾಗದಲ್ಲಿ ಹಾಸಿಗೆ ಹುಣ್ಣಾಗುವುದಿಲ್ಲ.

• ಊಟಕ್ಕೆ ಅವಸರ ಬೇಡ. ತುಟಿ ನೆಕ್ಕುತ್ತಿದ್ದರೆ, ಜೊಲ್ಲು ನುಂಗುತ್ತಿದ್ದರೆ ಇನ್ನೂ ಹೊಟ್ಟೆ ತೊಳಸುತ್ತಿದೆ ಅಂತ ತಿಳಿ. ಒಂದು ದಿನ ಊಟ ಬಿಟ್ಟರೆ ದೊಡ್ಡ ನಾಯಿಗೆ ಏನೂ ಆಗುವುದಿಲ್ಲ. (ಸಕ್ಕರೆ ಕಾಯಿಲೆಯ ನಾಯಿಯ ಮಾತು ಬೇರೆ.) ಎಷ್ಟೋ ಸಲ ಹಸಿವಿದ್ದರೂ ಬಟ್ಟಲಿಗೆ ಬಾಯಿ ಇಡಲು ಗುರಿ ಸಿಗುವುದಿಲ್ಲ, ಜನ ಅದನ್ನು ಊಟ ಬಿಟ್ಟಿತು ಅನ್ನುತ್ತಾರೆ. ಅಂಗೈಯಲ್ಲಿಟ್ಟು ಬಾಯಿಯ ಹತ್ತಿರ ಹಿಡಿದು ನೋಡು. ಮೆತ್ತಗೆ ಬೆಂದ ಅನ್ನಕ್ಕೆ ಮೂಳೆ ತೆಗೆದ ಕೋಳಿ ಬೇಯಿಸಿ ಕಲಸು, ಉಪ್ಪು ಖಾರ ಈರುಳ್ಳಿ ಇಲ್ಲದೆ. ನೀವು ಮಾಂಸ ಮಾಡದಿದ್ದರೆ ಮೊಸರನ್ನವೇ ಆಗಲಿ, ಒಗ್ಗರಣೆ ಬೇಡ. ದ್ರಾಕ್ಷಿ, ಒಣದ್ರಾಕ್ಷಿ ಹತ್ತಿರ ಸುಳಿಯಬಾರದು, ನಾಯಿಯ ಕಿಡ್ನಿಗೆ ವಿಷ. ದೇವರ ಪ್ರಸಾದ ಅಂತ ಕೊಡುವವರಿಗೂ ಹೇಳಿಡು.

• ನೀರಿನ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡ. ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 50 ಮಿಲಿಲೀಟರ್ ಅಂತ ಲೆಕ್ಕ, ಗಂಜಿಯೊಳಗಿನ ನೀರೂ ಅದರಲ್ಲೇ ಸೇರಿತು. ಅಗಲ ತಟ್ಟೆಯಲ್ಲಿ ಹಾಕಿ ಗದ್ದದ ಕೆಳಗೆ ಹಿಡಿ. ಪಕ್ಕಕ್ಕೆ ಮಲಗಿರುವವನ ಬಾಯಿಗೆ ಸಿರಿಂಜಿನಲ್ಲಿ ನೀರು ಸುರಿಯಬೇಡ, ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ಆಗುತ್ತದೆ. ಭುಜದ ಮೇಲಿನ ಚರ್ಮ ಎಳೆದು ಬಿಟ್ಟರೆ ತಟ್ಟನೆ ಹಿಂದಕ್ಕೆ ಹೋಗಬೇಕು. ಹಾಗೇ ನಿಂತರೆ ಡ್ರಿಪ್ ಹಾಕಿಸಬೇಕು.

• ಒಳಗೆ ಉಚ್ಚೆ ಹೊಯ್ಯಬಾರದು ಅಂತ ನೀನೇ ಕಲಿಸಿದ್ದೀಯ, ಆ ಮರ್ಯಾದೆಗೆ ಅವನು ಕಟ್ಟಿಕೊಂಡು ಕೂರುತ್ತಾನೆ. ಟರ್ಕಿ ಟವಲನ್ನು ಹೊಟ್ಟೆಯಡಿ ತೂರಿಸಿ ಎರಡು ತುದಿ ಮೇಲೆ ಹಿಡಿದು ನಡೆಸು, ಎದೆಗೆ ಕಟ್ಟುವ ಹಾರ್ನೆಸ್ ಇದ್ದರೆ ಇನ್ನೂ ಒಳ್ಳೆಯದು. ಗಂಡುನಾಯಿ, ಟವಲು ಉಚ್ಚೆಯ ಜಾಗಕ್ಕೆ ಅಡ್ಡ ಬರದಿರಲಿ. ಹಾಸಿಗೆಯಲ್ಲೇ ಮಾಡಿದರೆ ಬೈಯಬೇಡ. ಒಂದಿಡೀ ಹಗಲು ಒಂದು ಹನಿಯೂ ಬರದಿದ್ದರೆ ಡಾಕ್ಟರಿಗೆ ಫೋನ್ ಮಾಡು.

• ನೊಣ! ಪಟ್ಟಣದವರಿಗೆ ಇದು ಹೊಳೆಯುವುದೇ ಇಲ್ಲ. ಮಲಗಿದಲ್ಲೇ ಇರುವ ನಾಯಿಯ ಒದ್ದೆ ಕೂದಲಲ್ಲಿ, ಬಾಲದ ಬುಡದಲ್ಲಿ, ಸಣ್ಣ ಗಾಯದಲ್ಲಿ ನೊಣ ಮೊಟ್ಟೆಯಿಟ್ಟರೆ ಮಾರನೇ ದಿನವೇ ಹುಳ ಬೀಳಬಹುದು. ದಿನಕ್ಕೆರಡು ಸಲ ಬಾಲ ಎತ್ತಿ ನೋಡು, ಕಿವಿ ಮಡಚಿ ನೋಡು. ಬೆಚ್ಚನೆ ನೀರಲ್ಲಿ ಒರೆಸಿ, ಪೂರ್ತಿ ಒಣಗಿಸು. ಸೊಳ್ಳೆ ಪರದೆಯಡಿ ಮಲಗಿಸಿದರೂ ತಪ್ಪಿಲ್ಲ.

• ಹತ್ತಿರ ಹೋಗುವಾಗ ಮೊದಲು ಹೆಸರು ಹಿಡಿದು ಕರೆ, ಆಮೇಲೆ ಮುಟ್ಟು. ದಿಕ್ಕು ತಪ್ಪಿದ ನಾಯಿ ಬೆಚ್ಚಿ ಕಚ್ಚಬಹುದು, ಮಗುವನ್ನು ಒಂದೆರಡು ದಿನ ದೂರ ಇಡು.

• ಕಣ್ಣಿನ ಓಟ ನಿಂತ ಮೇಲೆ ನಡೆಸಬೇಕು. ಒಂದು ಕಡೆಯ ಸುದ್ದಿ ಇಲ್ಲದೆಯೇ ಮೈ ತೂಗಿಸಿಕೊಳ್ಳುವುದನ್ನು ಮಿದುಳು ನಡೆದೇ ಕಲಿಯಬೇಕು, ಮಲಗಿಸಿಟ್ಟರೆ ತಡವಾಗುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪವೇ, ಟೈಲ್ಸ್ ಮೇಲಲ್ಲ, ಮಣ್ಣು ಹುಲ್ಲಿನ ಮೇಲೆ. ವಾಲಿದ ಕಡೆಗೆ ಸುತ್ತು ಹಾಕುತ್ತಾನೆ, ಹಾಕಲಿ. ಬೀದಿನಾಯಿಗಳಿರುವ ರಸ್ತೆಗೆ ಕರೆದೊಯ್ಯಬೇಡ, ತೂರಾಡುವ ನಾಯಿ ಕಂಡರೆ ಅವು ಮುತ್ತಿಕೊಳ್ಳುತ್ತವೆ. ಕತ್ತಿನ ಓರೆ ಸ್ವಲ್ಪ ಉಳಿದುಬಿಡಬಹುದು. ಉಳಿಯಲಿ, ಅದರಿಂದ ಅವನಿಗೆ ನೋವಿಲ್ಲ. ಫೋಟೋ ಮಾತ್ರ ಓರೆ ಬರುತ್ತದೆ.

• ಎಂಆರ್‌ಐ ಮಾಡಿಸೋಣವಾ ಅಂತ ಅಳಿಯಂದಿರು ಕೇಳಿದರಂತೆ. ಅದಕ್ಕೆ ಅರಿವಳಿಕೆ ಕೊಡಬೇಕು, ಖರ್ಚೂ ಸಣ್ಣದಲ್ಲ. ಮಿದುಳಿನ ತೊಂದರೆಯ ಲಕ್ಷಣ ಇದ್ದರೆ, ಇಲ್ಲವೇ ಮೂರು ನಾಲ್ಕು ದಿನವಾದರೂ ಒಂದಿಷ್ಟೂ ಇಳಿಯದಿದ್ದರೆ ಆಗ ಡಾಕ್ಟರ ಹತ್ತಿರ ಮಾತಾಡಿ. ಗಡ್ಡೆ ಅಂತ ಗೊತ್ತಾದರೆ ಮುಂದೆ ಏನು ಮಾಡುವವರಿದ್ದೀರಿ ಅನ್ನುವುದನ್ನು ಮೊದಲೇ ಯೋಚಿಸಿಕೊಳ್ಳಿ. ಏನೂ ಮಾಡುವುದಿಲ್ಲ ಅನ್ನುವುದಾದರೆ ಆ ದುಡ್ಡು ಆರೈಕೆಗಿರಲಿ. ಇದು ನನ್ನ ಅಭಿಪ್ರಾಯ, ಡಾಕ್ಟರದ್ದಲ್ಲ.

• ನಿಮ್ಮಿಬ್ಬರಲ್ಲಿ ರಾತ್ರಿ ಪಾಳಿ ಹಂಚಿಕೊಳ್ಳಿ. ಇಬ್ಬರೂ ಎಚ್ಚರವಿದ್ದು ಇಬ್ಬರೂ ಬೆಳಿಗ್ಗೆ ಒಬ್ಬರ ಮೇಲೊಬ್ಬರು ರೇಗುವುದು ಯಾರಿಗೂ ಉಪಕಾರವಿಲ್ಲ. ಕೆಲಸದಾಕೆಗೆ ಒಂದು ಗಂಟೆ ಹೆಚ್ಚಿಗೆ ಇರಲು ಹೇಳಿ, ಅದಕ್ಕೆ ದುಡ್ಡೂ ಹೆಚ್ಚಿಗೆ ಕೊಡಿ.

• ಇಷ್ಟೆಲ್ಲ ಮಾಡಿಯೂ ಇಳಿಯದಿದ್ದರೆ, ಇಳಿದದ್ದು ಮತ್ತೆ ಏರಿದರೆ, ಕಾಲು ಸೋಲುತ್ತಾ, ಊಟ ಬಿಡುತ್ತಾ, ನಿನ್ನನ್ನೇ ಗುರುತಿಸದೆ ಹೋದರೆ, ಆಗ ಆ ಇನ್ನೊಂದು ಮಾತನ್ನು ಎತ್ತಬೇಕು. ದಯಾಮರಣ ಪಾಪ ಅಂತ ನಾನು ಹೇಳುವವಳಲ್ಲ. ಆದರೆ ಅದನ್ನು ರಾತ್ರಿ ಹೊತ್ತು ನಿರ್ಧರಿಸಬೇಡ, ಫ್ಯಾಮಿಲಿ ಗ್ರೂಪಿನಲ್ಲಿ ಕೇಳಿ ನಿರ್ಧರಿಸಬೇಡ. ಅವನನ್ನು ಕೈಯಾರೆ ನೋಡಿದ ಡಾಕ್ಟರನ್ನು ಹಗಲು ಹೊತ್ತಿನಲ್ಲಿ ಕೂರಿಸಿಕೊಂಡು ಕೇಳು: "ನಿಮ್ಮದೇ ನಾಯಿಯಾಗಿದ್ದರೆ ಏನು ಮಾಡುತ್ತಿದ್ದಿರಿ?"

• ಇದು ಮರುಕಳಿಸುವುದೂ ಉಂಟು. ಯಾವ ದಿನ ಶುರುವಾಯಿತು, ಕತ್ತು ಯಾವ ಕಡೆಗೆ ವಾಲಿತ್ತು, ಏನು ಕೊಟ್ಟರು, ಎಂದು ಎದ್ದ ಅಂತ ಕ್ಯಾಲೆಂಡರಿನಲ್ಲಿ ಬರೆದಿಡು.

• ದೀಪಾವಳಿಗೆ ಅವನನ್ನೂ ಕರೆದುಕೊಂಡು ಕೊಪ್ಪಕ್ಕೆ ಬರುತ್ತೇನೆ ಅಂದಿದ್ದೆ. ಆಲ್ದೂರು ದಾಟಿದ ಮೇಲಿನ ತಿರುವುಗಳಲ್ಲಿ ಗಟ್ಟಿಮುಟ್ಟಾದವರಿಗೇ ಹೊಟ್ಟೆ ತೊಳಸುತ್ತದೆ. ಈ ಸಲ ನೀವು ಬರುವುದು ಬೇಡ, ನಾನೇ ಬಸ್ಸಿಗೆ ಬರುತ್ತೇನೆ. ಗೋಣಿತಾಟು ನಮ್ಮಲ್ಲಿ ಬೇಕಾದಷ್ಟಿದೆ, ಎಷ್ಟು ಬೇಕು ಅಂತ ಅಳತೆ ಕಳಿಸು.